ಮಣ್ಣಕ್ಕ ಮುಚ್ಚಿಸಿದ ತೂಬು

ಹಿಂದೆ ಗೋಡೆಗೆ ಒರಗಿ ನಿಂತವರು ದಯವಿಟ್ಟು ಮುಂದೆ ಬನ್ನಿ, ಈ ಕಡೆ ಇನ್ನೂ ಕುರ್ಚಿಗಳಿವೆ. ಬೀಜದ ಮೂಟೆಗಳ ಮೇಲೆ ಕೂತವರು ಅಲ್ಲೇ ಇರಿ, ಪರವಾಗಿಲ್ಲ — ಮಣ್ಣಕ್ಕ ಇದ್ದಿದ್ದರೂ ಅಲ್ಲೇ ಕೂರುತ್ತಿದ್ದರು.

ಅವರ ನೆನಪಿನ ಸಭೆಗೆ ಬಂದ ನಿಮಗೆಲ್ಲ ನನ್ನ ನಮಸ್ಕಾರ. ಮೊದಲ ಸಾಲಿನಲ್ಲಿರುವ ಭಾವನವರಿಗೆ — ನಮ್ಮ ಮಣ್ಣಕ್ಕನ ಯಜಮಾನರಿಗೆ, ಇಲ್ಲಿ ಕೂತ ಅರ್ಧ ಜನರ ಅಂಗಿಯ ಅಳತೆಯನ್ನು ಬಾಯಿಪಾಠ ಇಟ್ಟುಕೊಂಡಿರುವ ದರ್ಜಿಗೆ — ಕೈಮುಗಿದ ನಮಸ್ಕಾರ. ಅವರ ಪಕ್ಕದಲ್ಲಿ ಮಗಳು, ಆಸ್ಪತ್ರೆಯಿಂದ ರಜೆ ಹಾಕಿ ಬಂದಿರುವ ನರ್ಸಮ್ಮ. ಆಚೆ ದೊಡ್ಡಕ್ಕ, ಮಣ್ಣಕ್ಕನ ಒಡಹುಟ್ಟಿದ ಅಕ್ಕ. ಈ ವಯಸ್ಸಿನಲ್ಲಿ ಎರಡು ಬಸ್ಸು ಬದಲಿಸಿ ಬಂದಿದ್ದಾರೆ. ಸಂಘದ ಅಧ್ಯಕ್ಷರು, ಕಾಲುವೆ ಕಚೇರಿಯ ಇಂಜಿನಿಯರ್ ಸಾಹೇಬರು, ಹಸು ಸಾಕುವ ಮನೆಗಳವರು, ನನ್ನ ಜೊತೆ ದುಡಿಯುವವರು — ಎಲ್ಲರಿಗೂ ನನ್ನ ಗೌರವ.

ನಾನು ಈ ಮೇವಿನ ಫಾರ್ಮಿನ ಪಂಪ್ ಆಪರೇಟರ್. ಮೂವತ್ತೊಂದು ವರ್ಷ ಪಂಪಿನ ಸದ್ದಿನ ನಡುವೆ ಮಾತಾಡಿ ಗಂಟಲು ದೊಡ್ಡದಾಗಿದೆ, ಅದಕ್ಕೇ ಮೈಕನ್ನು ದೂರ ಇಟ್ಟುಕೊಂಡಿದ್ದೇನೆ. ಅಧ್ಯಕ್ಷರು ಐದು ನಿಮಿಷ ಕೊಟ್ಟಿದ್ದಾರೆ. ಐದು ನಿಮಿಷದಲ್ಲಿ ಮುಗಿಯುವ ಹೆಂಗಸಲ್ಲ ಅವರು. ಸಾಹೇಬರು ಕ್ಷಮಿಸಬೇಕು.

ಬಾಗಿಲಲ್ಲಿ ಮಗಳು ನನ್ನ ಕೈ ಹಿಡಿದು ಒಂದು ಮಾತು ಹೇಳಿದಳು. "ಮಾಮ, ಅಳಬೇಡಿ. ಹದಿನೈದು ದಿನದಿಂದ ಮನೇಲಿ ಅದೇ ಆಗಿದೆ. ಅಮ್ಮ ಗೆದ್ದಿದ್ದನ್ನ ಹೇಳಿ." ಸರಿ ತಾಯಿ. ಗೆದ್ದಿದ್ದನ್ನೇ ಹೇಳುತ್ತೇನೆ.

ಅವರ ಹುದ್ದೆಯ ಹೆಸರು ಮಣ್ಣು ಪರೀಕ್ಷೆ ಕೊಠಡಿಯ ಸಹಾಯಕಿ. ಕೊಠಡಿ ಎಂದರೆ ಏನು — ಒಂದು ಮೇಜು, ಒಂದು ತಕ್ಕಡಿ, ಮಣ್ಣು ಒಣಗಿಸುವ ಒಂದು ಹಳೆಯ ಒಲೆ, ಮುಚ್ಚಳವಿರುವ ನೂರೆಂಟು ತಗಡಿನ ಡಬ್ಬಿ. ಒಂದೇ ಕಿಟಕಿ, ಅದೂ ನನ್ನ ಪಂಪ್ ಮನೆಯ ಕಡೆಗೆ. ಎಲ್ಲಿ ನಿಂತರೂ ಅವರ ಕೈ ಕೆಳಕ್ಕೆ ಹೋಗುತ್ತಿತ್ತು. ಒಂದು ಹಿಡಿ ಮಣ್ಣು ತೆಗೆದು, ಹೀಗೆ ಅಂಗೈಯಲ್ಲಿ ಅಮುಕಿ, ಬೆರಳು ಬಿಚ್ಚಿ ನೋಡುವುದು. ಉಂಡೆಯಾಗಿ ನಿಂತರೆ ನೀರು ಬೇಡ. ಉದುರಿದರೆ ಬೇಕು. ಯಾರದೋ ಮದುವೆಯಲ್ಲಿ ಹೂಕುಂಡದ ಮಣ್ಣು ಹಿಂಡುತ್ತ ನಿಂತಿದ್ದನ್ನು ನಾನೇ ಕಂಡಿದ್ದೇನೆ. ಪಕ್ಕದಲ್ಲಿ ಭಾವನವರು, ಇವಳು ಯಾರೋ ಬೇರೆಯವರ ಹೆಂಡತಿ ಎನ್ನುವ ಹಾಗೆ, ಆ ಕಡೆ ತಿರುಗಿ ನಿಂತಿದ್ದರು. ನಗಿ ಭಾವ, ಇವತ್ತು ನಗಬಹುದು. ಹಾಗೆ ಬಂದ ಹೆಸರು ಮಣ್ಣಕ್ಕ. ಸಂಬಳದ ಪಟ್ಟಿಯಲ್ಲಿದ್ದ ಹೆಸರು ಕೊನೆಗೆ ಗುಮಾಸ್ತರಿಗೂ ಮರೆತುಹೋಗಿತ್ತು.

ಹನ್ನೆರಡು ವರ್ಷದ ಹಿಂದಿನ ಮಾತು. ಇಲ್ಲಿ ಕೂತ ಹಲವರಿಗೆ ಗೊತ್ತು, ಹೊಸಬರಿಗೆ ಗೊತ್ತಿಲ್ಲ. ಆಗ ಈ ಫಾರ್ಮಿನಲ್ಲಿ ಅರವತ್ತು ಎಕರೆ ಲೂಸರ್ನ್ ಇತ್ತು. ಕುದುರೆ ಮೆಂತೆ ಅನ್ನುತ್ತೀರಲ್ಲ, ಅದೇ. ಒಮ್ಮೆ ಬಿತ್ತಿದರೆ ನಾಲ್ಕೈದು ವರ್ಷ ಕೊಯ್ಯುತ್ತಲೇ ಇರಬಹುದು. ನೂರ ನಲವತ್ತು ಮನೆಗಳ ಹಸುಗಳು ಅದನ್ನು ತಿಂದು ಹಾಲು ಕೊಡುತ್ತಿದ್ದವು. ಕಾಲುವೆಯ ತೂಬಿನಿಂದ ನಮ್ಮ ಹೊಂಡಕ್ಕೆ ನೀರು ಬರುತ್ತಿತ್ತು, ಹೊಂಡದಿಂದ ನಾನು ಪಂಪ್ ಮಾಡಿ ಹೊಲಕ್ಕೆ ಬಿಡುತ್ತಿದ್ದೆ. ವಾರಕ್ಕೊಂದು ಸಲ, ಬದು ತುಂಬುವ ಹಾಗೆ. ಬಿಸಿಲು ಹೆಚ್ಚಾದರೆ ಎರಡು ಸಲ. ಹೊಲದಲ್ಲಿ ನನ್ನ ಮುಖ ಕಾಣುವಷ್ಟು ನೀರು ನಿಂತರೆ ನನಗೆ ಹೊಟ್ಟೆ ತುಂಬುತ್ತಿತ್ತು. ನೀರು ಬಿಡುವವನ ಕೈ ದೊಡ್ಡದು ಅನ್ನಿಸಿಕೊಳ್ಳುವ ಆಸೆ — ಇತ್ತು ನನಗೆ, ಇಲ್ಲ ಎನ್ನುವುದಿಲ್ಲ.

ಆ ವರ್ಷ ಅಣೆಕಟ್ಟಿನ ನೀರು ತಳ ಕಂಡಿತು. ಬೇಸಿಗೆಯ ಮೊದಲ ವಾರ ಕಾಲುವೆ ಕಚೇರಿಯಿಂದ ಆದೇಶ ಬಂತು: ಮೇವಿನ ಫಾರ್ಮಿಗೆ ಇನ್ನು ಮೂರು ವಾರಕ್ಕೊಂದು ಸರದಿ. ಅಷ್ಟೇ.

ಇದೇ ಗೋದಾಮಿನಲ್ಲಿ ಸಭೆ ಸೇರಿತು. ಆಗ ಅಧ್ಯಕ್ಷರಾಗಿದ್ದವರು ಇಲ್ಲೇ ಇದ್ದಾರೆ, ಎರಡನೇ ಸಾಲಿನಲ್ಲಿ — ಅವರ ಅಪ್ಪಣೆ ಪಡೆದೇ ಹೇಳುತ್ತಿದ್ದೇನೆ. ಅವರ ತೀರ್ಮಾನ ಸರಳವಾಗಿತ್ತು. ನಲವತ್ತು ಎಕರೆ ಉತ್ತು ಹಾಕುವುದು, ಇಪ್ಪತ್ತು ಉಳಿಸಿಕೊಳ್ಳುವುದು. ಉತ್ತರೆ ಮತ್ತೆ ಬಿತ್ತಿ ಪೂರ್ತಿ ಮೇವು ಬರಲು ಒಂದೂವರೆ ವರ್ಷ. ಅಲ್ಲಿಯತನಕ ಹಸುಗಳನ್ನು ಮಾರಬೇಕು, ಆಳುಗಳನ್ನು ಬಿಡಿಸಬೇಕು. ಹದಿನಾರು ಜನ. ಅದರಲ್ಲಿ ನಾನೂ ಒಬ್ಬ.

ಆಗ ಹಿಂದಿನಿಂದ ಒಂದು ಧ್ವನಿ. "ಉಳಬೇಡಿ."

ಎಲ್ಲರೂ ತಿರುಗಿ ನೋಡಿದರು. ಮಣ್ಣಕ್ಕ. ಕಂಕುಳಲ್ಲಿ ಹಳೆಯ ಲಾಗ್ ಪುಸ್ತಕಗಳ ಕಟ್ಟು. ಆ ಪುಸ್ತಕಗಳು ನನ್ನವು. ಪಂಪ್ ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಬಂದ್, ಯಾವ ಹೊಲಕ್ಕೆ — ಹತ್ತೊಂಬತ್ತು ವರ್ಷ ದಿನವೂ ಬರೆದಿದ್ದೆ. ಬರೆಯಬೇಕು ಎಂದಿದ್ದರು, ಬರೆದೆ. ಯಾರೂ ಒಂದು ಪುಟ ತಿರುಗಿಸಿರಲಿಲ್ಲ. ನನ್ನ ಕೈಬರಹವನ್ನು ಕೂತು ಓದಿದ ಮೊದಲ ಮನುಷ್ಯರು ಅವರು.

ಅವರು ಪುಸ್ತಕ ಬಿಚ್ಚಿ ಹೇಳಿದರು: "ಬಿಸಿಲು ನೆತ್ತಿ ಸುಡೋ ಎರಡು ತಿಂಗಳಲ್ಲಿ ನಾವು ಅತಿ ಹೆಚ್ಚು ನೀರು ಬಿಡ್ತೀವಿ. ಅತಿ ಕಡಿಮೆ ಮೇವು ಕೊಯ್ಯೋದೂ ಅದೇ ಎರಡು ತಿಂಗಳಲ್ಲಿ. ಪಂಪಿನ ಪುಸ್ತಕ ಇಲ್ಲಿದೆ, ವೇ ಬ್ರಿಡ್ಜಿನ ತೂಕದ ಚೀಟಿ ಇಲ್ಲಿದೆ, ಯಾರು ಬೇಕಾದ್ರೂ ನೋಡಿ. ಆ ಎಂಟು ವಾರ ನಲವತ್ತು ಎಕರೆಗೆ ನೀರು ಪೂರ್ತಿ ನಿಲ್ಲಿಸೋಣ. ಗಿಡ ಮೇಲೆ ಒಣಗುತ್ತೆ. ಬೇರು ಬದುಕಿರುತ್ತೆ. ಬಿಸಿಲು ಇಳಿದ ಮೇಲೆ ನೀರು ಕೊಟ್ರೆ ಎದ್ದು ಬರುತ್ತೆ."

ಅಧ್ಯಕ್ಷರು ಕೇಳಿದರು: "ಅಲ್ಲಿಗಂಟ ಹಸು ಏನು ತಿನ್ನುತ್ತಮ್ಮ? ನಿಮ್ಮ ಪುಸ್ತಕಾನಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಕ್ಕ ನಗು ಮುಗಿಯುವ ತನಕ ಕಾದರು. ಆಮೇಲೆ ಹೇಳಿದರು: "ಹೋದ ತಿಂಗಳ ದೊಡ್ಡ ಕಟಾವಿನಲ್ಲಿ ಮೂರನೇ ಒಂದು ಪಾಲು ಒಣಗಿಸಿ ಶೆಡ್ಡಿಗೆ ಹಾಕ್ಸಿದ್ದೀನಿ. ಇಪ್ಪತ್ತು ಎಕರೆ ಹಸಿ ಮೇವು ಇರುತ್ತೆ. ಎರಡೂ ಬೆರೆಸಿದ್ರೆ ಎಂಟು ವಾರಕ್ಕೆ ಸಾಲುತ್ತೆ. ತೂಕ ಹಾಕಿ ನೋಡಿದ್ದೀನಿ."

ಅದಾದ ಮೇಲೆ ಎದ್ದವರು ಹತ್ತು ಹಸುವಿನ ಯಜಮಾನಿ. ಎಲ್ಲಿದ್ದೀರಮ್ಮ — ಹಾಂ, ಅಲ್ಲಿದ್ದಾರೆ. ಇವರು ಸೊಂಟಕ್ಕೆ ಕೈ ಕೊಟ್ಟು ಹೇಳಿದ್ದು ಇದು: "ನನ್ನ ಹಸು ಒಂದು ಲೋಟ ಹಾಲು ಕಮ್ಮಿ ಕೊಟ್ರೂ ಹತ್ತನ್ನೂ ತಂದು ನಿಮ್ಮ ಮನೆ ಬಾಗಿಲಿಗೆ ಕಟ್ತೀನಿ."

"ಕಟ್ಟಿ," ಅಂದರು ಅಕ್ಕ. "ಬಟ್ಟೆ ಹೊಲಿಯೋ ಜಾಗ ಒಂದು ಬಿಟ್ಟು ಎಲ್ಲಿ ಬೇಕಾದ್ರೂ ಕಟ್ಟಿ."

ಒಪ್ಪಿಗೆ ಸಿಕ್ಕಿತು. ಮನಸ್ಸಿನ ಒಪ್ಪಿಗೆಯಲ್ಲ, ಗಡುವು: ಎಂಟು ವಾರ, ಆಮೇಲೆ ನೀರು ಬಿಟ್ಟು ಒಂದು ವಾರ. ಎದ್ದು ಬರದಿದ್ದರೆ ಮರುದಿನ ಟ್ರಾಕ್ಟರು.

ತೂಬಿನ ಹಲಗೆ ಇಳಿಸಿದವನು ನಾನೇ; ಸರದಿಯ ದಿನ ಮಾತ್ರ ಎತ್ತಿ, ಉಳಿದ ಇಪ್ಪತ್ತು ಎಕರೆಗಷ್ಟೇ ನೀರು. ಮೊದಲ ವಾರ ಏನೂ ಗೊತ್ತಾಗಲಿಲ್ಲ. ಎರಡನೇ ವಾರ ಎಲೆ ಮುದುಡಿತು. ಮೂರನೇ ವಾರ ನಲವತ್ತು ಎಕರೆಯೂ ಹಳೇ ಗೋಣಿಚೀಲದ ಬಣ್ಣಕ್ಕೆ ತಿರುಗಿತು. ಕಾಲಿಟ್ಟರೆ ಚರಚರ ಸದ್ದು. ದಾರಿಯಲ್ಲಿ ಹೋಗುವವರು ಸೈಕಲ್ ನಿಲ್ಲಿಸಿ ನೋಡುತ್ತಿದ್ದರು. ಒಬ್ಬರು ನನ್ನನ್ನು ಕೇಳಿದರು, "ಏನಣ್ಣ, ಬೆಂಕಿ ಬಿದ್ದಿತ್ತಾ?" ನನಗೆ ತಲೆ ಎತ್ತಲಾಗಲಿಲ್ಲ.

ಈಗ ಹೇಳುವುದನ್ನು ಈ ತನಕ ಯಾರ ಮುಂದೆಯೂ ಹೇಳಿಲ್ಲ. ನನ್ನ ಹೆಂಡತಿಗೂ ಹೇಳಿಲ್ಲ. ಅವಳೂ ಇಲ್ಲಿ ಕೂತಿದ್ದಾಳೆ, ಈಗ ಕೇಳಿಸಿಕೊಳ್ಳಲಿ.

ನಾಲ್ಕನೇ ವಾರದ ಒಂದು ಮಧ್ಯಾಹ್ನ. ಎಲ್ಲರೂ ಊಟದ ಡಬ್ಬಿ ಬಿಚ್ಚಿ ನೆರಳಿಗೆ ಹೋಗಿದ್ದರು. ನಾನು ಪಂಪ್ ಮನೆಯಲ್ಲಿ ಒಬ್ಬನೇ. ಎದುರಿಗೆ ಆ ಹೊಲ. ಹತ್ತೊಂಬತ್ತು ವರ್ಷ ನೀರು ಕುಡಿಸಿದ ಹೊಲ, ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ತಡೆಯಲಾಗಲಿಲ್ಲ. ಸ್ವಿಚ್ ಹಾಕಿದೆ. ಹೊಂಡದ ಪಕ್ಕದ ಎರಡು ಎಕರೆಗೆ ನಲವತ್ತು ನಿಮಿಷ ನೀರು ಬಿಟ್ಟೆ. ಮತ್ತೆ ಬಂದ್ ಮಾಡಿದೆ. ಲಾಗ್ ಪುಸ್ತಕದಲ್ಲಿ ಬರೆಯಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಬಂದರು. ಕೈಯಲ್ಲಿ ಎರಡು ಸಲಿಕೆ. ಒಂದನ್ನು ನನಗೆ ಕೊಟ್ಟು, "ಬನ್ನಿ, ಸ್ವಲ್ಪ ಅಗೆಯೋಣ," ಅಂದರು. ನೆಟ್ಟಗೆ ಅದೇ ಎರಡು ಎಕರೆಗೆ ಕರೆದುಕೊಂಡು ಹೋದರು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದರು. ಅಮುಕಿದರು. ಬೆರಳು ಬಿಚ್ಚಿದರು. ಉಂಡೆ ನಿಂತಿತ್ತು.

"ಎಷ್ಟು ಹೊತ್ತು?" ಅಂದರು. ಅಷ್ಟೇ ಕೇಳಿದ್ದು.

"ನಲವತ್ತು ನಿಮಿಷ ಅಕ್ಕ."

"ಪುಸ್ತಕದಲ್ಲಿ ಬರೀರಿ. ನೀರು ಬಿಟ್ಟಿದ್ದಕ್ಕೆ ನಂಗೆ ಸಿಟ್ಟಿಲ್ಲ, ನಿಮ್ಮ ಹೊಟ್ಟೆ ಉರಿದಿದ್ದು ಗೊತ್ತಾಗುತ್ತೆ. ಬರೀದೇ ಇದ್ದಿದ್ದಕ್ಕೆ ಸಿಟ್ಟಿದೆ. ನಾನು ಸಭೇಲಿ ಅಷ್ಟು ಜನರ ಮುಂದೆ ನಿಂತಿದ್ದು ನಿಮ್ಮ ಪುಸ್ತಕ ನಂಬಿಕೊಂಡು. ಅದೇ ಸುಳ್ಳಾದ್ರೆ ನನ್ನ ಹತ್ರ ಇನ್ನೇನಿದೆ ಹೇಳಿ?"

ನಾನು ಅಲ್ಲೇ ಭೂಮಿ ಬಿರುಕು ಬಿಡಬಾರದೇ ಅಂದುಕೊಂಡೆ. ಬಿರುಕು ಬೇಕಾದಷ್ಟಿತ್ತು, ನಾನು ಹಿಡಿಸುವಷ್ಟು ಅಗಲ ಇರಲಿಲ್ಲ.

ಅಲ್ಲಿಂದ ಒಣಗಿದ ಭಾಗದ ನಡುವಿಗೆ ಹೋದೆವು. "ಇಲ್ಲಿ ಅಗೀರಿ." ಅಗೆದೆ. ಮೊಣಕಾಲು ಆಳ — ಬರೀ ಧೂಳು. ಸೊಂಟದ ಆಳ — ಗಟ್ಟಿ ಹೆಂಟೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಎದೆಯ ಮಟ್ಟಕ್ಕೆ ಬಂದಾಗ ಸಲಿಕೆಯ ಸದ್ದು ಬದಲಾಯಿತು. ಮಣ್ಣಿನ ಬಣ್ಣ ಕಪ್ಪಗಾಯಿತು. ಕೈಹಾಕಿದೆ — ತಣ್ಣಗಿತ್ತು. ಆ ತಂಪಿನೊಳಗೆ, ನನ್ನ ಹೆಬ್ಬೆರಳಿನ ದಪ್ಪದ ಒಂದು ಬೇರು ಇನ್ನೂ ಕೆಳಕ್ಕೆ ಇಳಿದಿತ್ತು. ಅಕ್ಕ ಗುಂಡಿಯ ಅಂಚಿನಲ್ಲಿ ಕೂತು, "ಉಗುರಿನಲ್ಲಿ ಸ್ವಲ್ಪ ಗೀರಿ ನೋಡಿ," ಅಂದರು. ಗೀರಿದೆ. ಒಳಗೆ ಬೆಳ್ಳಗೆ, ಒದ್ದೆಯಾಗಿ, ಜೀವಂತ.

ಆ ಗುಂಡಿಯಲ್ಲಿ ನಿಂತೇ ನಾನು ಅಕ್ಕನ ಕಡೆಯವನಾದೆ. ಹತ್ತೊಂಬತ್ತು ವರ್ಷ ನಾನು ಬಿಟ್ಟ ನೀರಿನಲ್ಲಿ ಎಷ್ಟು ಬಿಸಿಲಿಗೆ ಹಾರಿಹೋಯಿತೋ, ಎಷ್ಟು ಬದು ದಾಟಿ ರಸ್ತೆಗೆ ಹರಿಯಿತೋ — ಅಲ್ಲೇ ಒಂದೊಂದಾಗಿ ನೆನಪಿಗೆ ಬಂತು.

ಎಂಟು ವಾರ ಮುಗಿಯಿತು. ಹಲಗೆ ಎತ್ತಿದೆ. ನೀರು ಬಿಟ್ಟೆವು. ಒಂದನೇ ದಿನ, ಎರಡನೇ ದಿನ, ಐದನೇ ದಿನ — ಏನೂ ಇಲ್ಲ. ಟ್ರಾಕ್ಟರಿನವರು ನೇಗಿಲು ಜೋಡಿಸಿ ಗೇಟಿನ ಹತ್ತಿರ ತಂದು ನಿಲ್ಲಿಸಿದ್ದರು. ಹತ್ತು ಹಸುವಿನ ಯಜಮಾನಿ ದಿನಾ ಬಂದು ಬೇಲಿಯ ಹೊರಗೆ ನಿಂತು ಹೋಗುತ್ತಿದ್ದರು. ಅಕ್ಕ ಊಟ ಬಿಟ್ಟಿದ್ದರು ಎಂದು ಭಾವನವರು ಆಮೇಲೆ ಹೇಳಿದರು. ನಮ್ಮ ಮುಂದೆ ಮಾತ್ರ ಏನೂ ತೋರಿಸಿಕೊಳ್ಳಲಿಲ್ಲ. ಡಬ್ಬಿ ತೊಳೆಯುತ್ತಿದ್ದರು. ತೊಳೆದ ಡಬ್ಬಿಯನ್ನೇ ಮತ್ತೆ ತೊಳೆಯುತ್ತಿದ್ದರು.

ಏಳನೇ ದಿನ ಬೆಳಿಗ್ಗೆ ನಾನು ಪಂಪ್ ಮನೆಯ ಬೀಗ ತೆಗೆಯುವಾಗ ಹತ್ತು ಹಸುವಿನ ಯಜಮಾನಿ ಬೇಲಿ ಹಾರಿ ಓಡಿ ಬರುತ್ತಿದ್ದರು. ಬೇಲಿ ಹಾರಿ. ಆಗ ಅವರಿಗೆ ಐವತ್ತೈದು. "ಕಣ್ಣು ಬಿಟ್ಟಿದೆ ಕಣಪ್ಪ, ಬುಡಬುಡಕ್ಕೂ ಕಣ್ಣು ಬಿಟ್ಟಿದೆ, ಬಾ." ಓಡಿದೆ. ಒಣಗಿದ ಬುಡಗಳ ನಡುವೆ ಸಾಸಿವೆ ಗಾತ್ರದ ಹಸಿರು. ಒಂದು ಕಡೆ ಅಲ್ಲ, ಕಣ್ಣು ಹಾಯುವ ತನಕ. ತಿಂಗಳು ಕಳೆದು ಕಟಾವು ಮಾಡಿದಾಗ ನಾವೆಲ್ಲ ವೇ ಬ್ರಿಡ್ಜಿನ ಸುತ್ತ ಮುತ್ತಿಕೊಂಡು ನಿಂತೆವು. ಹಿಂದಿನ ವರ್ಷ ಅದೇ ತಿಂಗಳು ಬಂದದ್ದಕ್ಕಿಂತ ಒಂದು ಟ್ರೇಲರ್ ಕಡಿಮೆ. ಒಂದೇ ಒಂದು ಟ್ರೇಲರ್. ವರ್ಷದ ಕೊನೆಗೆ ಕೂಡಿಸಿ ನೋಡಿದರೆ — ನೂರು ಕೊಡ ನೀರು ಕುಡಿಯುತ್ತಿದ್ದ ಹೊಲ ಅರವತ್ತು ಕೊಡ ಕುಡಿದಿತ್ತು. ಆರು ಟ್ರೇಲರ್ ಮೇವು ಬರುತ್ತಿದ್ದ ಕಡೆ ಐದು ಬಂದಿತ್ತು. ಹಸು ಮಾರಿದ ಮನೆ ಒಂದೂ ಇಲ್ಲ. ಕೆಲಸ ಬಿಟ್ಟ ಆಳು ಒಬ್ಬನೂ ಇಲ್ಲ.

ಆಗಿನ ಅಧ್ಯಕ್ಷರು ತೂಕದ ಚೀಟಿ ಹಿಡಿದುಕೊಂಡು ಅಕ್ಕನ ಕೊಠಡಿಗೆ ಹೋಗಿ, ಕನ್ನಡಕ ತೆಗೆದು ಒರೆಸುತ್ತ, "ಅಮ್ಮ, ಪುಸ್ತಕ ತಿನ್ಸೇ ಬಿಟ್ರಲ್ಲ," ಅಂದರಂತೆ.

ಮಗಳು ಗೆದ್ದಿದ್ದನ್ನು ಹೇಳು ಎಂದಿದ್ದಾಳೆ. ಆದರೆ ಸೋತಿದ್ದನ್ನೂ ಒಂದು ಹೇಳಬೇಕು, ಇಲ್ಲದಿದ್ದರೆ ಅಕ್ಕನೇ ನನ್ನನ್ನು ಬಿಡುವುದಿಲ್ಲ. ಮರುವರ್ಷ ಅರವತ್ತೂ ಎಕರೆಗೆ ಇದೇ ಕ್ರಮ ಮಾಡಿದೆವು. ಗುಡ್ಡದ ಕಡೆಯ ಐದು ಎಕರೆ ಎದ್ದು ಬರಲೇ ಇಲ್ಲ. ಅಗೆದು ನೋಡಿದರೆ ಒಂದು ಅಡಿ ಕೆಳಗೆ ಬಂಡೆ. ಬೇರು ಇಳಿಯಲು ಜಾಗವೇ ಇಲ್ಲ. ಸಭೆಯಲ್ಲಿ ಯಾರಾದರೂ ಬಿಸಿಲಿನ ಮೇಲೆ ಹಾಕಬಹುದಿತ್ತು. ಅಕ್ಕ ಎದ್ದು ನಿಂತು, "ಆ ಐದು ಎಕರೆ ಕೊಂದಿದ್ದು ನಾನು. ಅಗೆದು ನೋಡ್ದೆ ನೀರು ನಿಲ್ಲಿಸಿದೆ," ಅಂದರು. ಕೂತರು. ಅಲ್ಲಿಂದ ಮುಂದೆ ಯಾರೇ ಸಲಹೆ ಕೇಳಿದರೂ ಮೊದಲ ಮಾತು ಒಂದೇ — "ಗುಂಡಿ ತೋಡಿದ್ದೀರಾ?" ತೋಡದೆ ಬಂದವರನ್ನು ವಾಪಸು ಕಳಿಸುತ್ತಿದ್ದರು. ಆ ಐದು ಎಕರೆಯಲ್ಲಿ ಈಗ ಮೇವಿನ ಜೋಳ ಇದೆ, ಅದಕ್ಕೆ ಕಡಿಮೆ ನೀರು ಸಾಕು. ಅದೂ ಅವರದೇ ತೀರ್ಮಾನ.

ಅದೇ ವರ್ಷ ಇನ್ನೊಂದು ಆಯಿತು. ಒಂದು ದಿನ ಬೆಳಿಗ್ಗೆ ಫಾರ್ಮಿನ ಗೇಟಿನಲ್ಲಿ ಒಬ್ಬ ಮುದುಕರು. ಮೊಣಕಾಲ ತನಕ ಕೆಸರು. ಕಾಲುವೆಯ ಕೊನೆ ಭಾಗದವರು. ಹನ್ನೊಂದು ಕಿಲೋಮೀಟರ್ ಕಾಲುವೆಯ ದಂಡೆ ಹಿಡಿದು ನಡೆದು ಬಂದಿದ್ದರು. ನನ್ನನ್ನು ಕೇಳಿದರು: "ಇಲ್ಲೇನಾದ್ರೂ ಗೇಟು ಮುರಿದೋಗಿದೆಯೇನಪ್ಪ?"

"ಯಾಕೆ ಅಜ್ಜ?"

"ನಮ್ಮ ಹೊಲಕ್ಕೆ ನೀರು ಬಂದಿದೆ. ಒಂಬತ್ತು ವರ್ಷ ಆಗಿತ್ತು. ಎಲ್ಲೋ ಏನೋ ಒಡೆದಿರಬೇಕು, ಹೇಳಿ ಹೋಗೋಣ ಅಂತ ಬಂದೆ."

ನೋಡಿ ಎಂಥ ಮನುಷ್ಯ. ನೀರು ಬಂದರೆ, ಯಾರದ್ದೋ ತಪ್ಪಿನಿಂದ ಬಂದಿರಬೇಕು ಎಂದು ತಿಳಿಸಲು ನಡೆದು ಬಂದವರು. ನಾನು ಅವರನ್ನು ಅಕ್ಕನ ಹತ್ತಿರ ಕರೆದುಕೊಂಡು ಹೋದೆ. "ಏನೂ ಒಡೆದಿಲ್ಲ ಅಜ್ಜ," ಅಂದರು ಅಕ್ಕ. "ಅದು ನಿಮ್ಮ ನೀರೇ. ಇಷ್ಟು ದಿನ ನಾವು ಕುಡೀತಿದ್ವಿ." ಮುದುಕರು ಅಲ್ಲೇ ಬಾಗಿಲ ಹೊಸ್ತಿಲ ಮೇಲೆ ಕೂತುಬಿಟ್ಟರು. ಅಕ್ಕ ಟೀ ತಂದುಕೊಟ್ಟರು. ಅವರು ಹೋದ ಮೇಲೆ ಅಕ್ಕ ನನಗೆ ಹೇಳಿದ್ದು — "ನಾನು ನಮ್ಮ ಹಸುಗಳಷ್ಟೇ ಉಳಿಯಲಿ ಅಂತ ಮಾಡಿದ್ದು ಕಣ್ರೀ. ಇದು ನನ್ನ ತಲೇಲಿ ಇರಲೇ ಇಲ್ಲ." ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದ್ದು ಆ ದಿನ ಒಮ್ಮೆ ಮಾತ್ರ.

ಅಲ್ಲಿಂದ ಅವರನ್ನು ಹಿಡಿಯುವವರಿರಲಿಲ್ಲ. ಭಾನುವಾರ ಅಂತಿಲ್ಲ, ಹಬ್ಬ ಅಂತಿಲ್ಲ, ಬಸ್ಸು ಹತ್ತಿ ಸಲಿಕೆ ಹಿಡಿದು ಹೋಗುವುದು, ಮೇವು ಬೆಳೆಯುವವರ ಹೊಲದಲ್ಲಿ ಗುಂಡಿ ತೋಡಿಸುವುದು. ಕಂಡಕ್ಟರು ಸಲಿಕೆಗೂ ಟಿಕೆಟ್ ತಗೊಳ್ಳಿ ಎಂದು ಜಗಳ ಆಡಿದ್ದುಂಟು. ನಿವೃತ್ತಿಯಾದ ಮೇಲೂ ನಿಲ್ಲಲಿಲ್ಲ; ಕಾಲುವೆಯ ಉದ್ದಕ್ಕೂ ಇದೇ ಕ್ರಮ ಬರಲಿ ಎಂದು ಕಾಲುವೆ ಕಚೇರಿಗೆ ಅರ್ಜಿ ಕೊಟ್ಟು ಕಾಯುತ್ತಿದ್ದರು. ಭಾವನವರು ಒಬ್ಬರೇ ಅಡುಗೆ ಮಾಡಿ, ಒಬ್ಬರೇ ಅಂಗಡಿ ನೋಡಿಕೊಂಡು, ಅಕ್ಕ ಹೊಲಕ್ಕೆ ಹಾಕುತ್ತಿದ್ದ ಪ್ಯಾಂಟಿಗೆ ನಾಲ್ಕು ದೊಡ್ಡ ಜೇಬು ಹೊಲಿದು ಕೊಟ್ಟಿದ್ದರು, ಡಬ್ಬಿ ಇಟ್ಟುಕೊಳ್ಳಲು. ಭಾವ, ನಿಮ್ಮ ಪಾಲು ನಮಗೆ ಗೊತ್ತು. ಯಾವ ವರದಿಯಲ್ಲೂ ಬರೆದಿಲ್ಲ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಕೊನೆಯ ವಾರ ಆಸ್ಪತ್ರೆಯಲ್ಲಿ ನಾನು ನೋಡಲು ಹೋದಾಗ ಹೃದಯದ ಆಪರೇಷನ್ ಆಗಿ ಎರಡು ದಿನವಾಗಿತ್ತು. ಮಾತಾಡಬಾರದು ಎಂದಿದ್ದರು ಡಾಕ್ಟರು. ಅಕ್ಕ ನನ್ನನ್ನು ಕಂಡು, "ಕಚೇರಿಯವರು ಏನಂದ್ರು?" ಎಂದು ಕೇಳಿದರು. ಮಗಳು ಗದರಿಸಿದಳು. ಅಕ್ಕ ಹುಬ್ಬು ಮಾತ್ರ ನನ್ನ ಕಡೆ ಎತ್ತಿದರು. ಇನ್ನೂ ಏನೂ ಬಂದಿಲ್ಲ ಅಕ್ಕ ಎಂದೆ. ಐದು ದಿನದ ಮೇಲೆ, ಅರವತ್ತೊಂದನೇ ವಯಸ್ಸಿನಲ್ಲಿ, ಹೊರಟುಹೋದರು.

ಇಂಜಿನಿಯರ್ ಸಾಹೇಬರು ಇವತ್ತು ಬರಿಗೈಯಲ್ಲಿ ಬಂದಿಲ್ಲ. ಅವರು ತಂದ ಕಾಗದ ನನ್ನ ಹತ್ತಿರ ಇದೆ. ನೀವೇ ಓದಿ ಎಂದು ನನಗೇ ಕೊಟ್ಟರು. ನಿನ್ನೆ ಸಹಿಯಾಗಿದೆ. ಓದುತ್ತೇನೆ, ಕೇಳಿ. "ಬರುವ ಬೇಸಿಗೆಯಿಂದ ಈ ಕಾಲುವೆಯಡಿಯ ಎಲ್ಲ ಮೇವಿನ ಹೊಲಗಳಿಗೆ, ಮಣ್ಣಿನ ಆಳ ಪರೀಕ್ಷಿಸಿದ ನಂತರ, ಎಂಟು ವಾರಗಳ ಕಾಲ ನೀರು ನಿಲ್ಲಿಸತಕ್ಕದ್ದು. ಉಳಿದ ನೀರನ್ನು ಕೊನೆ ಭಾಗಕ್ಕೆ ಬಿಡತಕ್ಕದ್ದು."

ಎಲ್ಲ ಹೊಲಗಳಿಗೆ. ಅರವತ್ತು ಎಕರೆಯಲ್ಲ — ನಾಲ್ಕು ಸಾವಿರ ಎಕರೆ.

ಚಪ್ಪಾಳೆ ಹೊಡೆಯಬಹುದೇ ಎಂದು ಕೆಲವರು ನೋಡುತ್ತಿದ್ದೀರಿ. ಹೊಡೆಯಿರಿ. ಇದು ಅವರ ಗೆಲುವು. ಗಟ್ಟಿಯಾಗಿ ಹೊಡೆಯಿರಿ.

...

ಆಯಿತು. ಇನ್ನು ಒಂದೇ ಮಾತು.

ಕಾಲುವೆಯ ಕೊನೆ ಭಾಗದವರು ಯಾಕೆ ಒಬ್ಬರೂ ಬಂದಿಲ್ಲ ಎಂದು ನಿಮ್ಮಲ್ಲಿ ಕೆಲವರು ಮೆಲ್ಲಗೆ ಕೇಳಿದಿರಿ. ನಿನ್ನೆ ಹೇಳಿಕಳಿಸಿದ್ದಾರೆ. ಇವತ್ತು ಅವರ ನೀರಿನ ಸರದಿ. ಹನ್ನೊಂದು ಗಂಟೆಗೆ ಅಲ್ಲಿಗೆ ನೀರು ತಲುಪುತ್ತದೆ. "ಆ ತಾಯಿ ಕಳಿಸಿದ ನೀರು ಬರೋ ಹೊತ್ತಿನಲ್ಲಿ ಹೊಲ ಬಿಟ್ಟು ಬಂದ್ರೆ ಅವರೇ ಬೈತಾರೆ. ನಾವು ಇಲ್ಲೇ ನಿಂತ್ಕೋತೀವಿ" — ಇದು ಅವರ ಮಾತು.

ಈಗ ಹನ್ನೊಂದಕ್ಕೆ ಅರ್ಧ ನಿಮಿಷ ಇದೆ. ದೊಡ್ಡಕ್ಕ, ನೀವು ಕೂತೇ ಇರಿ, ಮಂಡಿ ನೋವು ನನಗೆ ಗೊತ್ತು. ಉಳಿದವರೆಲ್ಲ ಏಳಿ. ಅಲ್ಲಿ ಬದುವಿನ ಮೇಲೆ ಅವರೂ ಎದ್ದು ನಿಂತಿದ್ದಾರೆ. ನೀರು ಅವರ ಹೊಲದೊಳಕ್ಕೆ ಇಳಿಯುವಷ್ಟು ಹೊತ್ತು, ನಾವು ಇಲ್ಲಿ ಮಾತಿಲ್ಲದೆ ನಿಲ್ಲೋಣ.